ಡಿಶ್ ಸೆಟ್‌ಗೆ ಒಟ್ಟು ಬೆಲೆ ಕಟ್ಟಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಫೈಬರ್ ಇಂಟರ್‌ನೆಟ್ ತಲುಪಿದ ಊರುಗಳಲ್ಲೆಲ್ಲ ಮನೆಯ ಮಾಡಿನಿಂದ ಟಿ.ವಿ. ಡಿಶ್‌ಗಳು ಕೆಳಗಿಳಿಯುತ್ತಿವೆ. ಇಳಿದವುಗಳಲ್ಲಿ ಹೆಚ್ಚಿನವು ಗುಜರಿಯವರ ತಕ್ಕಡಿಗೆ ಹೋಗುತ್ತವೆ. ಉಳಿದವು ಸೆಟ್-ಟಾಪ್ ಬಾಕ್ಸ್, ರಿಮೋಟ್, ವೈರುಗಳ ಜೊತೆ ಗೋಣಿಚೀಲ ಸೇರಿ ‘ಫುಲ್ ಸೆಟ್’ ಎಂಬ ಹೆಸರಿನಲ್ಲಿ ಸಂತೆಗೆ ಬರುತ್ತವೆ. ಮಾರುವ ಮನೆಯವರಿಗೆ ಒಳ್ಳೆಯ ಡಿಶ್‌ಗೂ ಸಿಗುವುದು ಹಳೆ ಕಬ್ಬಿಣದ ದರ; ಕೊಳ್ಳುವ ಮನೆಯವರು ಸತ್ತ ಬಾಕ್ಸಿಗೂ ಸಾವಿರ ರೂಪಾಯಿ ಎಣಿಸುತ್ತಾರೆ. ಇದೇ ವ್ಯಾಪಾರದಲ್ಲಿ ಅನ್ನ ಉಣ್ಣುತ್ತಿರುವವಳಾಗಿ ಹೇಳುತ್ತೇನೆ, ಎರಡೂ ಅನ್ಯಾಯ. ಇಡೀ ಸೆಟ್‌ಗೆ ಒಟ್ಟಾಗಿ ಬೆಲೆ ಕಟ್ಟುವ ರೂಢಿಯೇ ಎರಡಕ್ಕೂ ಕಾರಣ.

ನನ್ನ ತಂದೆ 1990ರ ದಶಕದಲ್ಲಿ ನಮ್ಮ ಊರಿಗೆ ಕೇಬಲ್ ಟಿ.ವಿ. ತಂದವರು. ಡಿಶ್ ತಿರುಗಿಸುವುದನ್ನು, ಸಿಗ್ನಲ್ ಹಿಡಿಯುವುದನ್ನು ನಾನು ಅವರ ಜೊತೆ ನಿಂತು ಕಲಿತೆ. ಈಗ ರಿಪೇರಿ ಅಂಗಡಿ ನನ್ನದು. ಹಳೆಯ ಸಾಮಾನು ಕೊಳ್ಳುತ್ತೇನೆ, ಪರೀಕ್ಷೆ ಮಾಡಿ ಮಾರುತ್ತೇನೆ. ಬೆಲೆಯ ಗುಟ್ಟನ್ನೆಲ್ಲ ಪತ್ರಿಕೆಗೆ ಬರೆದರೆ ನಿನ್ನ ವ್ಯಾಪಾರಕ್ಕೇ ಪೆಟ್ಟು ಎಂದು ಪರಿಚಯದ ಅಂಗಡಿಯವರೊಬ್ಬರು ಎಚ್ಚರಿಸಿದರು. ಗಿರಾಕಿಗೆ ತಿಳಿಯಬಾರದ ಗುಟ್ಟಿನ ಮೇಲೆ ನಿಲ್ಲುವ ವ್ಯಾಪಾರ ನನಗೆ ಬೇಡ.

ಸೆಟ್ ಎಂದರೆ ಡಿಶ್, ಅದರ ಮುಂದೆ ಕೂತು ಸಿಗ್ನಲ್ ಹಿಡಿದು ವೈರಿಗೆ ಕೊಡುವ ಎಲ್‌ಎನ್‌ಬಿ, ವೈರ್ ಮತ್ತು ಬಾಕ್ಸ್. ಇವುಗಳಲ್ಲಿ ಮೊದಲ ಮೂರು ಯಾವ ಕಂಪನಿಗೂ ಅಂಟಿಕೊಂಡಿಲ್ಲ. ಡಿಶ್‌ನ ಮೇಲೆ ಯಾರ ಹೆಸರು ಅಚ್ಚಾಗಿದ್ದರೂ ಅದು ತಿರುಗಿಸಿದ ಕಡೆಗೆ ನೋಡುತ್ತದೆ. ನಮ್ಮ ಸಾಗರದಿಂದ ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಎತ್ತರಕ್ಕೆ ಗುರಿ ಇಟ್ಟರೆ ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಸಿಗುತ್ತದೆ. 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರೂನಿಂದ ಹಾರಿದ ಇಸ್ರೋ ಉಪಗ್ರಹ ಅದು. ದೂರದರ್ಶನದ ಫ್ರೀ ಡಿಶ್ ಬರುವುದು ಅದರಿಂದಲೇ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ಇವತ್ತಿಗೂ ತಿಂಗಳ ಬಾಡಿಗೆ ಇಲ್ಲ. ಹಾಗಾಗಿ ರೀಚಾರ್ಜ್ ನಿಲ್ಲಿಸಿದ ಮನೆಯ ಡಿಶ್ ತ್ಯಾಜ್ಯವಲ್ಲ. ಪಕ್ಕದ ಕೂಲಿ ಕಾರ್ಮಿಕರ ಮನೆಗೆ ಅದೇ ಡಿಶ್ ಚಂದನ ವಾಹಿನಿಯನ್ನು ತರಬಲ್ಲದು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪ್ರೌಢಶಾಲೆಯ ಪಾಠಗಳು ಬಂದದ್ದು ಚಂದನದಲ್ಲಿ. ಮೊಬೈಲ್ ಸಿಗ್ನಲ್ ಇಲ್ಲದ ನಮ್ಮ ಕಣಿವೆಗಳ ಮಕ್ಕಳಿಗೆ ಆಗ ಆಧಾರವಾಗಿದ್ದು ಮಾಡಿನ ಮೇಲಿನ ಡಿಶ್. ಅಂಥ ವಸ್ತುವನ್ನು ಕಿಲೋ ಲೆಕ್ಕದಲ್ಲಿ ತೂಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಡಿಶ್‌ನ ಬೆಲೆ ಇರುವುದು ಅದರ ಆಕಾರದಲ್ಲಿ. ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಮೇಲ್ಮೈಯ ಅಲ್ಪಸ್ವಲ್ಪ ತುಕ್ಕಿಗೂ ಹೆದರಬೇಕಿಲ್ಲ. ಅಂಚು ಸೊಟ್ಟಗಾಗಿದ್ದರೆ ಮಾತ್ರ ಕೈ ಹಾಕಬೇಡಿ. ಪರೀಕ್ಷೆ ಸುಲಭ: ಡಿಶ್‌ನ ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿ. ನಡುವೆ ದಾರಗಳು ಒಂದನ್ನೊಂದು ಮುಟ್ಟಿಯೂ ಮುಟ್ಟದಂತೆ ಸವರಿದರೆ ಡಿಶ್ ನೆಟ್ಟಗಿದೆ. ನಡುವೆ ಬೆರಳಿನಷ್ಟು ಸಂದು ಕಂಡರೆ ಅಥವಾ ಒಂದು ದಾರ ಇನ್ನೊಂದನ್ನು ಒತ್ತಿದರೆ ಡಿಶ್ ತಿರುಚಿಕೊಂಡಿದೆ. ಉಪಗ್ರಹದಿಂದ ಮನೆಗಳಿಗೆ ಬರುವ, ಕೆಯು ಬ್ಯಾಂಡ್ ಎಂಬ ಶ್ರೇಣಿಯ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಅಷ್ಟು ಚಿಕ್ಕ ಅಲೆಗೆ ಕೆಲವೇ ಮಿಲಿಮೀಟರ್ ತಗ್ಗೂ ದಾರಿ ತಪ್ಪಿಸುತ್ತದೆ. ನಮ್ಮ ಕಡೆ ತಗ್ಗು ಬೀಳುವುದು ಮಂಗಗಳಿಂದ. ಹೆಂಚಿನಿಂದ ಡಿಶ್‌ಗೆ ಹಾರಿ, ಎಲ್‌ಎನ್‌ಬಿ ಹಿಡಿಯುವ ಕೋಲಿಗೆ ಜೋತುಬೀಳುತ್ತವೆ. ಆ ಕೋಲು ಸ್ವಲ್ಪ ಬಾಗಿದ್ದರೂ ಎಲ್‌ಎನ್‌ಬಿ ಕೇಂದ್ರ ಬಿಟ್ಟು ಸರಿದಿರುತ್ತದೆ. ಕೊಳ್ಳುವ ಮುಂಚೆ ಕೋಲನ್ನೂ ಪಕ್ಕದಿಂದ ನೋಡಿ.

ಅಲೆಯ ಉದ್ದದ ಈ ಲೆಕ್ಕ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಬಂತು. ಅವುಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿ ನಿಲ್ಲಿಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯ, ಸುಮಾರು 3 ಮೀಟರಿನ ಡಿಶ್. ಆಗಿನ ಅಲೆಯ ಉದ್ದ ಒಂದಡಿಗಿಂತ ಹೆಚ್ಚಿತ್ತು, ಬಲೆಯ ಕಣ್ಣು ಅದಕ್ಕೆ ಲೆಕ್ಕವೇ ಇರಲಿಲ್ಲ. ಕೇಬಲ್‌ನವರ ಸಿ ಬ್ಯಾಂಡ್ ಅಲೆ ಏಳೂವರೆ ಸೆಂಟಿಮೀಟರಿನಷ್ಟು, ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಸಾಕು. ಮನೆಯ ಡಿಶ್‌ಗೆ ಗಟ್ಟಿ ತಗಡೇ ಬೇಕು. ಇಷ್ಟು ತಿಳಿದಿದ್ದರೆ, ‘ಜಾಲರಿ ಡಿಶ್ ದೊಡ್ಡದು, ಫ್ರೀ ಡಿಶ್ ಚೆನ್ನಾಗಿ ಬರುತ್ತದೆ’ ಎಂದು ಸಂತೆಯಲ್ಲಿ ಹೇಳುವವರ ಮಾತಿಗೆ ಯಾರೂ ಹಣ ಕೊಡುವುದಿಲ್ಲ.

ಗಾತ್ರದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತ. ಮಲೆನಾಡಿನಲ್ಲಿ 60 ಸೆಂಟಿಮೀಟರಿನ ಹೊಸ ಡಿಶ್‌ಗಿಂತ 90 ಸೆಂಟಿಮೀಟರಿನ ನೆಟ್ಟಗಿರುವ ಹಳೆಯ ಡಿಶ್ ಮೇಲು. ಅಡ್ಡಳತೆ ಒಂದೂವರೆ ಪಟ್ಟಾದರೆ ಸಿಗ್ನಲ್ ಹಿಡಿಯುವ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಕೆಯು ಬ್ಯಾಂಡ್ ಸಿಗ್ನಲ್ ಸೊರಗುವಾಗ ಈ ಹೆಚ್ಚುವರಿ ವಿಸ್ತೀರ್ಣವೇ ಚಿತ್ರವನ್ನು ಉಳಿಸುವುದು. ಬಯಲುಸೀಮೆಯವರಿಗೆ ಇದರ ಅಗತ್ಯ ಅಷ್ಟಿಲ್ಲ. ಆದ್ದರಿಂದ ಒಂದೇ ಡಿಶ್‌ಗೆ ದಾವಣಗೆರೆಯಲ್ಲಿ ಒಂದು ಬೆಲೆ, ತೀರ್ಥಹಳ್ಳಿಯಲ್ಲಿ ಇನ್ನೊಂದು ಬೆಲೆ ಇರುವುದು ನ್ಯಾಯವೇ. ಕರಾವಳಿಯವರಾದರೆ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟದಿದ್ದರೆ ಅಲ್ಯೂಮಿನಿಯಂ, ಉಪ್ಪುಗಾಳಿಗೆ ಬಾಳುತ್ತದೆ. ಅಂಟಿದರೆ ಹಿಂಬದಿಯ ಕ್ಲಾಂಪ್, ಬೋಲ್ಟುಗಳನ್ನು ನೋಡಿ. ತುಕ್ಕು ಮೊದಲು ತಿನ್ನುವುದು ಅಲ್ಲಿ.

ಮಾರುವವರಿಗೂ ಒಂದು ಮಾತು ಹೇಳಬೇಕು. ‘ನಮ್ಮ ಡಿಶ್ ಹಾಳಾಗಿದೆ, ಸಿಗ್ನಲ್ ಬರುವುದಿಲ್ಲ’ ಎಂದು ಸಿಕ್ಕಿದ ಬೆಲೆಗೆ ಕೊಡುವ ಮನೆಗಳಲ್ಲಿ ಎಷ್ಟೋ ಸಲ ಡಿಶ್‌ಗೆ ಏನೂ ಆಗಿರುವುದಿಲ್ಲ. ಡಿಶ್ ಹಾಕಿದಾಗ ಅಂಗಳದ ಆಗ್ನೇಯದಲ್ಲಿ ಸಸಿಯಾಗಿದ್ದ ಅಡಿಕೆ ಮರ ಈಗ ಬೆಳೆದು ಸೋಗೆ ಅಡ್ಡ ಹಿಡಿದಿರುತ್ತದೆ. ಒದ್ದೆ ಸೋಗೆ ಸಿಗ್ನಲನ್ನು ನುಂಗುತ್ತದೆ. ಡಿಶ್ ಅನ್ನು ನಾಲ್ಕು ಮಾರು ಸರಿಸಿದರೆ ಮುಗಿಯುವ ಕೆಲಸಕ್ಕೆ ಇಡೀ ಸೆಟ್ ಮಾರುತ್ತಾರೆ. ಮಾರುವ ಮುನ್ನ ಆಗ್ನೇಯಕ್ಕೆ ತಲೆ ಎತ್ತಿ ನೋಡಿ.

ಎಲ್‌ಎನ್‌ಬಿ ವಿಷಯಕ್ಕೆ ಬಂದರೆ, ಹಳೆಯದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಸಾಧಾರಣ ಹೊಸದೇ ನಮ್ಮ ಕಡೆ ₹200ರಿಂದ ₹300ಕ್ಕೆ ಸಿಗುತ್ತದೆ. ಮುಖದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಒಡೆದಿದ್ದರೆ ಒಳಗೆ ನೀರು ಹೋಗಿರುತ್ತದೆ. ವೈರ್ ತಿರುಗಿಸುವ ಜಾಗದಲ್ಲಿ ಹಸಿರು ಕಿಲುಬು ಕಂಡರೂ ಅಷ್ಟೇ. ಕಣ್ಣಿಗೆ ಕಾಣದ ದೋಷವೂ ಒಂದಿದೆ. ಹಳೆಯ ಎಲ್‌ಎನ್‌ಬಿ ಬಿಸಿಲಿಗೆ ಕಾದಾಗ ಅದರ ಆವರ್ತನ ಜಾರುತ್ತದೆ. ಬೆಳಿಗ್ಗೆ ಎಲ್ಲ ವಾಹಿನಿ ಬರುತ್ತವೆ, ಮಧ್ಯಾಹ್ನ ಕೆಲವು ಮಾಯವಾಗುತ್ತವೆ, ಸಂಜೆ ಮತ್ತೆ ಬರುತ್ತವೆ. ಸಂತೆಯ ನೆರಳಿನಲ್ಲಿ ನಡೆಸಿದ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ.

ಇನ್ನೊಂದು ಮೋಸ ಟಿ.ವಿ. ಪರದೆಯ ಮೇಲೆಯೇ ನಡೆಯುತ್ತದೆ. ಬಾಕ್ಸಿನ ಸಿಗ್ನಲ್ ಪುಟದಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಎಲ್‌ಎನ್‌ಬಿಗೆ ವಿದ್ಯುತ್ ಹೋದರೆ ಸಾಕು, ಡಿಶ್ ಎತ್ತ ನೋಡುತ್ತಿದ್ದರೂ ಸ್ಟ್ರೆಂತ್ ಪಟ್ಟಿ ಏರುತ್ತದೆ. ಮಾರುವವರು ಆ ಪಟ್ಟಿಯನ್ನು ತೋರಿಸಿ ‘ನೋಡಿ, ಎಂಬತ್ತು ಇದೆ’ ಎನ್ನುತ್ತಾರೆ. ನೋಡಬೇಕಾದ್ದು ಕ್ವಾಲಿಟಿ. ಉಪಗ್ರಹದ ಸಿಗ್ನಲ್ ನಿಜವಾಗಿ ಬಂದಿದ್ದರೆ ಮಾತ್ರ ಅದು ಏರುವುದು. ಅರ್ಧ ವಾಹಿನಿಗಳು ಬಂದು ಅರ್ಧ ಬಾರದಿದ್ದರೆ ದೋಷ ಎಲ್‌ಎನ್‌ಬಿಯಲ್ಲೇ ಇದೆ ಎಂದು ತೀರ್ಮಾನಿಸಬೇಡಿ. ವಾಹಿನಿಗಳು ಲಂಬ, ಅಡ್ಡ ಎಂಬ ಎರಡು ಬಗೆಯ ಅಲೆಗಳಲ್ಲಿ ಬರುತ್ತವೆ. ಬಾಕ್ಸ್ 13 ವೋಲ್ಟ್ ಕಳುಹಿಸಿದರೆ ಲಂಬ ಅಲೆ, 18 ವೋಲ್ಟ್ ಕಳುಹಿಸಿದರೆ ಅಡ್ಡ ಅಲೆ ಆಯ್ಕೆಯಾಗುತ್ತದೆ. ಸಿಡಿಲಿನ ಪೆಟ್ಟು ತಿಂದ ಬಾಕ್ಸ್ ಎಷ್ಟೋ ಸಲ 18 ವೋಲ್ಟ್ ಕೊಡಲಾರದೆ ಸೋಲುತ್ತದೆ. ಹಾಗೆ ಸೋತ ಬಾಕ್ಸಿಗೆ ಎಷ್ಟು ಹೊಸ ಎಲ್‌ಎನ್‌ಬಿ ಹಾಕಿದರೂ ವ್ಯರ್ಥ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಮುಗಿದ ಕೂಡಲೇ ಮಾರಾಟಕ್ಕೆ ಬರುವ ಬಾಕ್ಸ್‌ಗಳನ್ನು ನಾನು ಬಿಚ್ಚಿ ನೋಡದೆ ಕೊಳ್ಳುವುದಿಲ್ಲ. ಕೆಪಾಸಿಟರ್ ಉಬ್ಬಿದ್ದರೆ ಅದು ಸಣ್ಣ ರಿಪೇರಿ, ಬೆಲೆ ಸ್ವಲ್ಪ ಇಳಿಸಿದರೆ ಸಾಕು. ಸಿಗ್ನಲ್ ಆರಿಸಿಕೊಳ್ಳುವ ಭಾಗವಾದ ಟ್ಯೂನರ್ ಸುಟ್ಟಿದ್ದರೆ ಆ ಬಾಕ್ಸಿನ ಬೆಲೆ ಅದರ ರಿಮೋಟಿನ ಬೆಲೆ.

ಇನ್ನು ಬಾಕ್ಸ್. ನಾನು ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಇದಕ್ಕಾಗಿ.

ಖಾಸಗಿ ಕಂಪನಿಯ ಬಾಕ್ಸ್ ಎಷ್ಟೇ ಹೊಸದಾಗಿ ಹೊಳೆಯಲಿ, ಅದರ ಬೆಲೆ ಕಂಪನಿಯ ಕಡತದಲ್ಲಿರುವ ಒಂದು ಹೆಸರಿಗೆ ಕಟ್ಟುಬಿದ್ದಿದೆ. ವಾಹಿನಿಗಳು ಗೂಢಲಿಪಿಯಲ್ಲಿ ಬರುತ್ತವೆ. ಬಿಡಿಸುವ ಅನುಮತಿ ಇರುವುದು ಆ ಬಾಕ್ಸಿಗೆ ಜೋಡಿಸಿದ ಕಾರ್ಡಿನ ಸಂಖ್ಯೆಗೆ, ಆ ಸಂಖ್ಯೆ ಇರುವುದು ಮೊದಲ ಗ್ರಾಹಕರ ನೋಂದಾಯಿತ ಮೊಬೈಲಿಗೆ. ಆ ಖಾತೆ ನಿಮ್ಮ ಹೆಸರಿಗೆ ಬಾರದ ಹೊರತು ನೀವು ಕೊಂಡದ್ದು ಪ್ಲಾಸ್ಟಿಕ್ ಡಬ್ಬಿ. ಮೇಲಾಗಿ, ಬಾಕ್ಸ್ ಮಾರುವವರದ್ದೇ ಹೌದೇ ಎಂಬ ಪ್ರಶ್ನೆಯೂ ಇದೆ. ಪೂರ್ತಿ ಹಣ ಕೊಟ್ಟು ಕೊಂಡದ್ದೇ, ಕಂತಿನದ್ದೇ, ಬಾಡಿಗೆಯದ್ದೇ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ. ಅಳವಡಿಸಿದ ದಿನ ಕೊಟ್ಟ ಕಾಗದ ಎಲ್ಲೋ ಹೋಗಿರುತ್ತದೆ.

ಶರಾವತಿ ಹಿನ್ನೀರಿನ ಕಡೆಯ ಒಂದು ಕುಟುಂಬ ಕಳೆದ ಮಳೆಗಾಲಕ್ಕೆ ಮುಂಚೆ ಸಂತೆಯಲ್ಲಿ ₹1,500 ಕೊಟ್ಟು ಇಂಥ ಸೆಟ್ ಕೊಂಡಿತು. ತೋಟದ ಕೂಲಿಯ ಹಣ. ಮನೆಗೆ ತಂದು ಕಟ್ಟಿಸಿ ರೀಚಾರ್ಜ್ ಮಾಡಿಸಲು ಹೋದರೆ, ಖಾತೆ ಬೇರೆಯವರದ್ದು, ನೋಂದಾಯಿತ ನಂಬರಿಗೆ ಬರುವ ಸಂಖ್ಯೆ ಹೇಳಿ ಎಂದರು. ಮೊದಲ ಗ್ರಾಹಕರು ಯಾರೆಂದು ಸಂತೆಯಲ್ಲಿ ಮಾರಿದವನಿಗೇ ಗೊತ್ತಿಲ್ಲ, ಅವನು ಗುಜರಿಯಿಂದ ತಂದವನು. ಕಂಪನಿಯ ಸಹಾಯವಾಣಿಗೆ ನಾನೇ ಕರೆ ಮಾಡಿದೆ. ಹೊಸ ಸಂಪರ್ಕ ತೆಗೆದುಕೊಳ್ಳಿ ಎಂಬುದೊಂದೇ ಉತ್ತರ. ಕಡೆಗೆ ಆ ಡಿಶ್, ಎಲ್‌ಎನ್‌ಬಿ, ವೈರುಗಳನ್ನೇ ಉಳಿಸಿಕೊಂಡು, ಬೇರೊಂದು ಫ್ರೀ ಡಿಶ್ ಬಾಕ್ಸ್ ಹಾಕಿ ಆಗ್ನೇಯಕ್ಕೆ ತಿರುಗಿಸಿಕೊಟ್ಟೆ. ಡಿಶ್ ಚೊಕ್ಕವಾಗಿತ್ತು. ಅವರು ಕೊಟ್ಟ ₹1,500ರಲ್ಲಿ ನಿಜವಾದ ಬೆಲೆ ಇದ್ದದ್ದು ಆ ತಗಡು, ವೈರುಗಳಿಗೆ, ಹೆಚ್ಚೆಂದರೆ ₹500. ಉಳಿದ ಹಣ ಹೋದದ್ದು ಹೊಳೆಯುವ ಡಬ್ಬಿಗೆ. ಆ ಮನೆಯ ಯಜಮಾನಿ ನನ್ನೆದುರು ಲೆಕ್ಕ ಹಾಕಿದ್ದು ಅದು ಎಷ್ಟು ದಿನದ ಕೂಲಿ ಎಂದು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆದ್ದರಿಂದ ಕಂಪನಿ ಬಾಕ್ಸ್ ಕೊಳ್ಳುವವರು ಮೊದಲ ಗ್ರಾಹಕರ ಎದುರಿನಲ್ಲಿ, ಅವರ ಮೊಬೈಲಿನಿಂದಲೇ ಖಾತೆ ವರ್ಗಾವಣೆ ಮಾಡಿಸಿಕೊಂಡು ಆಮೇಲೆ ಹಣ ಕೊಡಿ. ಮೊದಲ ಗ್ರಾಹಕರು ಸಿಗದಿದ್ದರೆ ಬಾಕ್ಸಿಗೆ ಸೊನ್ನೆ ಬೆಲೆ ಹಾಕಿ, ಮಿಕ್ಕ ಸಾಮಾನಿಗೆ ಮಾತ್ರ ಚೌಕಾಸಿ ಮಾಡಿ. ಫ್ರೀ ಡಿಶ್ ಬಾಕ್ಸಿಗೆ ಈ ತೊಡಕಿಲ್ಲ, ಆದರೆ ಅದರಲ್ಲಿಯೂ ಎರಡು ತಲೆಮಾರು. ಚಿತ್ರವನ್ನು ಕುಗ್ಗಿಸಿ ಕಳುಹಿಸುವ ಹಳೆಯ ರೀತಿ ಎಂಪೆಗ್-2, ಹೊಸದು ಎಂಪೆಗ್-4. ಎಂಪೆಗ್-2 ಮಾತ್ರ ಓದಬಲ್ಲ ಹಳೆಯ ಬಾಕ್ಸಿಗೆ ಎಂಪೆಗ್-4 ರೀತಿಯಲ್ಲಿ ಬರುವ ವಾಹಿನಿಗಳು ಕಾಣುವುದೇ ಇಲ್ಲ. ಹಳೆಯ ಬಾಕ್ಸ್ ಕೆಟ್ಟಿಲ್ಲ, ಚೆನ್ನಾಗಿ ಓಡುತ್ತದೆ, ಆದರೂ ಅದಕ್ಕೆ ನಾನು ಹೆಚ್ಚು ಕೊಡುವುದಿಲ್ಲ. ಬಾಕ್ಸಿನ ತಳದ ಚೀಟಿಯಲ್ಲಿ ಎಂಪೆಗ್-4 ಎಂದು ಬರೆದಿದೆಯೇ ಎಂದು ಓದಿಕೊಳ್ಳಿ, ಸಾಧ್ಯವಾದರೆ ವಾಹಿನಿಗಳನ್ನು ಹುಡುಕಿಸಿ ನೋಡಿ.

ಕೇಬಲ್‌ನವರ ದೊಡ್ಡ ಡಿಶ್‌ಗಳ ಕಥೆ ಬೇರೆ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರು, ಮೈಸೂರುಗಳಲ್ಲಿ 2013ರಲ್ಲಿ, ನಮ್ಮಂಥ ಸಣ್ಣ ಊರುಗಳಲ್ಲಿ ಅದಾಗಿ ಸುಮಾರು ನಾಲ್ಕು ವರ್ಷಗಳ ಹೊತ್ತಿಗೆ ಕೇಬಲ್ ಡಿಜಿಟಲ್ ಆಯಿತು. ದೊಡ್ಡ ಸಂಸ್ಥೆಗಳಿಂದ ಫೈಬರ್‌ನಲ್ಲಿ ಸಿಗ್ನಲ್ ಬರತೊಡಗಿದ ಮೇಲೆ ಊರ ಕೇಬಲ್‌ನವರ ಎಂಟಡಿ, ಹನ್ನೆರಡಡಿ ಡಿಶ್‌ಗಳು ಕೆಲಸವಿಲ್ಲದೆ ನಿಂತವು. ನನ್ನ ತಂದೆಯವರದ್ದೂ ನಿಂತಿತು. ಈಗ ಅವುಗಳಿಗೆ ಬೆಲೆ ಇರುವುದು ಬಹುಮಟ್ಟಿಗೆ ಅಲ್ಯೂಮಿನಿಯಂ ಆಗಿಯೇ, ಅದರಲ್ಲಿ ತಪ್ಪೇನಿಲ್ಲ. ಯಾರಾದರೂ ಬಳಕೆಗೆಂದೇ ಕೊಳ್ಳುವುದಾದರೆ ಸಿ ಬ್ಯಾಂಡ್ ಎಲ್‌ಎನ್‌ಬಿಯ ಬಗ್ಗೆ ಎಚ್ಚರ ಇರಲಿ. 2022ರ ಹರಾಜಿನಲ್ಲಿ 3300ರಿಂದ 3670 ಮೆಗಾಹರ್ಟ್ಸ್‌ವರೆಗಿನ ತರಂಗಾಂತರ 5ಜಿಗೆ ಹೋಯಿತು. 3400ರಿಂದಲೇ ಹಿಡಿಯುವ ಹಳೆಯ ಎಲ್‌ಎನ್‌ಬಿ ಹತ್ತಿರದ 5ಜಿ ಗೋಪುರದ ಪ್ರಬಲ ಸಿಗ್ನಲಿಗೆ ತತ್ತರಿಸುತ್ತದೆ. 3700ರಿಂದ ಮೇಲೆ ಮಾತ್ರ ಬಿಡುವ ಫಿಲ್ಟರಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

ವೈರಿನ ವಿಚಾರ ಒಂದೇ ಮಾತು: ಮಾಡಿನ ಮೇಲೆ ಬಿಸಿಲು ಮಳೆ ತಿಂದ ವೈರನ್ನು ಕೊಳ್ಳಬೇಡಿ, ಹೊಸದನ್ನೇ ಎಳೆಸಿ.

ಕೊಳ್ಳುವವರು ಎಷ್ಟೇ ಜಾಣರಾದರೂ ಬಾಕ್ಸಿನ ಸಮಸ್ಯೆ ಅವರ ಕೈಯಿಂದ ಬಗೆಹರಿಯುವುದಿಲ್ಲ. ಯಾವ ಬಾಕ್ಸ್ ಆದರೂ ಯಾವ ಸೇವೆಗಾದರೂ ಒಗ್ಗುವಂತಿರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡಿತು. ಮೊಬೈಲ್ ಫೋನಿನಲ್ಲಿ ಸಿಮ್ ಬದಲಿಸಿದಷ್ಟು ಸುಲಭವಾಗಿ ಬಾಕ್ಸಿನಲ್ಲಿ ಕಂಪನಿ ಬದಲಿಸುವಂತಾದರೆ ಹಳೆಯ ಬಾಕ್ಸಿಗೂ ಹಳೆಯ ಫೋನಿನಂತೆ ನ್ಯಾಯವಾದ ಮರುಮಾರಾಟ ಬೆಲೆ ಬರುತ್ತದೆ. ನಮ್ಮ ಸಂತೆಗಳಲ್ಲಿ ಆ ದಿನ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಕಂಪನಿಗಳು ಮಾಡಬಹುದಾದ ಸುಲಭದ ಕೆಲಸವೊಂದಿದೆ. ಗ್ರಾಹಕರು ಸಂಪರ್ಕ ಬಿಡುವಾಗ, ಬಾಕಿ ಇಲ್ಲದಿದ್ದರೆ, ‘ಈ ಸಂಖ್ಯೆಯ ಬಾಕ್ಸ್ ಗ್ರಾಹಕರ ಸ್ವತ್ತು, ಯಾರ ಹೆಸರಿಗೆ ಬೇಕಾದರೂ ನೋಂದಾಯಿಸಬಹುದು’ ಎಂದು ಒಂದು ಸಾಲಿನ ಪತ್ರ ಕೊಡಲಿ. ಬಾಡಿಗೆಯ ಬಾಕ್ಸ್ ಆಗಿದ್ದರೆ ಬಂದು ವಾಪಸ್ ಒಯ್ಯಲಿ. ವಾಪಸ್ ಒಯ್ಯದ ಬಾಕ್ಸ್‌ಗಳೇ ಗುಜರಿಯ ಮೂಲಕ ಸಂತೆಗೆ ಬರುವುದು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಒತ್ತಾಯ, ನಮ್ಮ ಸಂಸದರು ಈ ಮಾತನ್ನು ದೆಹಲಿಗೆ ಒಯ್ಯಬೇಕು.

ತಮ್ಮ ಪತ್ರಿಕೆಗೂ ಒಂದು ವಿನಂತಿ ಇದೆ. ವರ್ಗೀಕೃತ ಜಾಹೀರಾತುಗಳ ಅಂಕಣದಲ್ಲಿ ‘ಡಿಶ್ ಸೆಟ್ ಮಾರಾಟಕ್ಕಿದೆ, ಸುಸ್ಥಿತಿಯಲ್ಲಿದೆ’ ಎಂಬಂಥ ಸಾಲುಗಳು ಬರುತ್ತವೆ. ಸುಸ್ಥಿತಿ ಎಂದರೆ ಯಾವುದರ ಸುಸ್ಥಿತಿ ಎಂದು ಅದರಿಂದ ತಿಳಿಯುವುದಿಲ್ಲ. ಜಾಹೀರಾತು ತೆಗೆದುಕೊಳ್ಳುವ ನಿಮ್ಮ ಸಿಬ್ಬಂದಿ ಡಿಶ್‌ನ ಅಡ್ಡಳತೆ, ಬಾಕ್ಸ್ ಎಂಪೆಗ್-2 ಅಥವಾ ಎಂಪೆಗ್-4 ಎಂಬುದು, ಖಾತೆ ಮಾರುವವರ ಹೆಸರಿನಲ್ಲೇ ಇದೆಯೇ ಎಂಬುದು, ಈ ಮೂರನ್ನು ಕೇಳಿ ಅಚ್ಚು ಹಾಕಿದರೆ ಜಾಹೀರಾತು ಹೆಚ್ಚೆಂದರೆ ಒಂದು ಸಾಲು ಬೆಳೆಯುತ್ತದೆ. ಆ ಒಂದು ಸಾಲಿಗೆ ಹೆಚ್ಚುವರಿ ದರ ಹಾಕದಿರಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಿ.

ಇಂತಿ,
ಡಿಶ್ ರಿಪೇರಿ ಅಂಗಡಿಯ ಒಬ್ಬ ಓದುಗಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ